ಪಕ್ಷ ಕಟ್ಟಿದವರು: ಕೆ. ಚೆಂಗಲರಾಯ ರೆಡ್ಡಿ

ರಾಜ್ಯಾಧಿಕಾರವನ್ನು ಕೇಳಿ ಪಡೆಯುವುದು ಒಂದು ಕಷ್ಟ. ಪಡೆದ ಅಧಿಕಾರವನ್ನು ಹಲವರು ಕೂಡಿ ನಡೆಸುವುದು ಅದಕ್ಕಿಂತ ಮಿಗಿಲಾದ ಕಷ್ಟ. ಕೇಳುವ ಕಾಲದಲ್ಲಿ ಇದಿರಿಗೆ ಕೊಡುವವನು ಒಬ್ಬನೇ ಇರುತ್ತಾನೆ. ಆದುದರಿಂದ ಕೇಳುವವರೆಲ್ಲರೂ ಒಂದಾಗಿ ನಿಲ್ಲುತ್ತಾರೆ. ಅವನು ಕೊಟ್ಟು ಪಕ್ಕಕ್ಕೆ ಸರಿದ ಮರುದಿನದಿಂದ ಬೇರೆಯ ಪ್ರಶ್ನೆಗಳು ಏಳುತ್ತವೆ. ಯಾವ ಕೆಲಸ ಮೊದಲು, ಯಾರ ಮಾತು ನಡೆಯಬೇಕು, ಯಾರು ಕಾದಿರಬೇಕು ಎಂಬ ಈ ಪ್ರಶ್ನೆಗಳಿಂದಲೇ ಹೊಸ ಸರ್ಕಾರದಲ್ಲಿ ರಾಜಕೀಯ ಪಕ್ಷಗಳು ಹುಟ್ಟುತ್ತವೆ. ಅವು ದೂರದಿಂದ ಬಂದ ನೆಂಟರಲ್ಲ. ಆ ಮನೆಯಲ್ಲಿಯೇ ಹುಟ್ಟಿ, ಅಲ್ಲಿಯ ಅನ್ನವನ್ನೇ ಉಂಡು ಬೆಳೆದ ಮಕ್ಕಳು.

ಅಮೆರಿಕದಲ್ಲಿಯೂ ನಡೆದುದು ಹೀಗೆಯೇ. 1789ರಲ್ಲಿ ವಾಷಿಂಗ್ಟನ್ನನು ಮೊದಲ ಅಧ್ಯಕ್ಷನಾದಾಗ ಆ ದೇಶದ ಸಂವಿಧಾನದಲ್ಲಿ ಪಕ್ಷದ ಮಾತೇ ಇರಲಿಲ್ಲ. ಅವನ ಮಂತ್ರಿಮಂಡಲದಲ್ಲಿ ಬೊಕ್ಕಸವನ್ನು ನೋಡಿಕೊಳ್ಳುತ್ತಿದ್ದ ಹ್ಯಾಮಿಲ್ಟನ್ನನಿಗೂ ಪರರಾಷ್ಟ್ರ ವ್ಯವಹಾರವನ್ನು ನೋಡಿಕೊಳ್ಳುತ್ತಿದ್ದ ಜೆಫರ್ಸನ್ನನಿಗೂ ಸಾಲ, ಬ್ಯಾಂಕು, ಕೇಂದ್ರದ ಅಧಿಕಾರ ಎಂಬ ವಿಷಯಗಳಲ್ಲಿ ಮನಸ್ಸು ಕೂಡಲಿಲ್ಲ. 1796ರಲ್ಲಿ ವಾಷಿಂಗ್ಟನ್ನನು ಅಧಿಕಾರ ಬಿಡುವ ಮುನ್ನ ಪಕ್ಷಗಳಿಂದ ಆಗಬಹುದಾದ ಕೇಡನ್ನು ಕುರಿತು ಜನರಿಗೆ ಎಚ್ಚರಿಕೆ ಹೇಳಿದನು. ಆ ವೇಳೆಗಾಗಲೇ ಎರಡು ಪಕ್ಷಗಳು ಅವನ ಮನೆಯಲ್ಲಿಯೇ ಬೇರೆ ಬೇರೆ ಒಲೆ ಹೂಡಿದ್ದುವು. ನಮ್ಮ ದೇಶದ ಸಂವಿಧಾನವೂ 1950ರಲ್ಲಿ ಜಾರಿಗೆ ಬಂದಾಗ ಪಕ್ಷಗಳ ವಿಷಯದಲ್ಲಿ ಮೌನವಾಗಿತ್ತು. 1985ರ ಐವತ್ತೆರಡನೆಯ ತಿದ್ದುಪಡಿಯಿಂದ ಹತ್ತನೆಯ ಅನುಸೂಚಿ ಸೇರಿದ ಮೇಲೆಯೇ ರಾಜಕೀಯ ಪಕ್ಷಕ್ಕೆ ಅದರಲ್ಲಿ ಜಾಗ ದೊರೆಯಿತು.

ಇಂಥ ಹುಟ್ಟನ್ನು ನಮ್ಮ ಮೈಸೂರು ಸೀಮೆಯಲ್ಲಿ ಆದಿಯಿಂದ ಕಂಡು, ಮೂರು ಸಾರಿ ತಾವೇ ಪಕ್ಷದ ಮನೆಯನ್ನು ಕಟ್ಟಿ, ನಾಲ್ಕನೆಯ ಸಾರಿ ಮನೆ ಬಿರುಕು ಬಿಟ್ಟಾಗ ಅಂಗಳಕ್ಕಿಳಿದು ಹೊರಟುಹೋದ ಒಬ್ಬ ಹಿರಿಯರಿದ್ದರು. ಅವರು ಮೈಸೂರಿನ ಮೊದಲ ಮುಖ್ಯಮಂತ್ರಿ, ಕ್ಯಾಸಂಬಳ್ಳಿಯ ಚೆಂಗಲರಾಯ ರೆಡ್ಡಿಯವರು. ಅವರ ಹೆಸರನ್ನು ಇಂದಿನ ಹುಡುಗರು ಸಾಮಾನ್ಯಜ್ಞಾನದ ಪುಸ್ತಕದ ಒಂದು ಸಾಲಾಗಿ ಮಾತ್ರ ಬಲ್ಲರು. ನಾನು ಹಾಸನದಲ್ಲಿ ಕನ್ನಡ ಪಾಠ ಹೇಳುವವನು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಿಂದ ಬೆಳಗಿನ ಬಸ್ಸಿಗೆ ಬರುವ ನನ್ನ ವಿದ್ಯಾರ್ಥಿಗಳು ಪಕ್ಷಗಳ ವಿಷಯದಲ್ಲಿ ನನಗಿಂತ ಹೆಚ್ಚು ತಿಳಿದವರು. ಯಾವ ಊರಿನಲ್ಲಿ ಯಾವ ಕೇರಿ ಯಾವ ಪಕ್ಷದ್ದು ಎಂಬುದನ್ನು ಅವರು ಬೆರಳಲ್ಲಿ ಎಣಿಸಿ ಹೇಳಬಲ್ಲರು. ಆದರೆ ಅವರಿಗೆ ಪಕ್ಷವೆಂಬುದು ಹೇಮಾವತಿ ಹೊಳೆಯಂತೆ ಎಂದಿನಿಂದಲೋ ಇದ್ದುದು. ಅದು ಹುಟ್ಟಿದ್ದು ತಮ್ಮ ಮುತ್ತಜ್ಜಂದಿರ ಕಾಲದಲ್ಲಿ ಎಂದರೆ ಆಶ್ಚರ್ಯಪಡುತ್ತಾರೆ. ಅವರಿಗಾಗಿಯೇ ಈ ಜೀವನಕಥೆಯನ್ನು ಬರೆಯಬೇಕೆನಿಸಿತು.

ರೆಡ್ಡಿಯವರು ಹುಟ್ಟಿದ್ದು 1902ನೆಯ ಇಸವಿ ಮೇ ತಿಂಗಳ 4ರಂದು, ಕೋಲಾರ ಜಿಲ್ಲೆಯ ಕ್ಯಾಸಂಬಳ್ಳಿಯಲ್ಲಿ. ಕನ್ನಡವೂ ತೆಲುಗೂ ಕೂಡಿ ನಡೆಯುವ ಗಡಿನಾಡು ಅದು. ಅದೇ ವರ್ಷ ಶಿವನಸಮುದ್ರದಿಂದ ವಿದ್ಯುತ್ತು ತಂತಿಯ ಮೇಲೆ ಹರಿದು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಗಣಿಯಲ್ಲಿ ದೀಪ, ಸುತ್ತಣ ಹಳ್ಳಿಗಳಲ್ಲಿ ಮಳೆ ನಂಬಿದ ರಾಗಿಯ ಹೊಲ: ಈ ಎರಡನ್ನೂ ಒಟ್ಟಿಗೆ ನೋಡುತ್ತ ಬೆಳೆದ ಹುಡುಗನಿಗೆ ಸರ್ಕಾರ ಯಾರಿಗಾಗಿ ಎಂಬ ಪ್ರಶ್ನೆ ಬೇಗನೆ ಹೊಳೆದಿದ್ದರೆ ಆಶ್ಚರ್ಯವಿಲ್ಲ. ಅವರು ಕಾನೂನನ್ನು ಓದಿದರು. ಓದಿ ಮುಗಿಸಿ ಸಾರ್ವಜನಿಕ ಜೀವನಕ್ಕೆ ಬಂದರು.

ಅವರು ಕಣ್ಣು ಬಿಟ್ಟ ಮೈಸೂರಿನಲ್ಲಿ ಪ್ರಜೆಗಳಿಗೆ ಮಾತಾಡಲು ಸ್ಥಳವಿರಲಿಲ್ಲವೆಂದಲ್ಲ. 1881ರಲ್ಲಿಯೇ ದಿವಾನ್ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಏರ್ಪಡಿಸಿದ್ದರು. ಆ ವರ್ಷದ ಅಕ್ಟೋಬರ್ 7ರಂದು, ದಸರೆಯ ಕಾಲದಲ್ಲಿ, 144 ಜನ ಪ್ರತಿನಿಧಿಗಳು ಮೈಸೂರಿನಲ್ಲಿ ಸೇರಿದ್ದರು. 1891ರಿಂದ ಈ ಸಭೆಗೆ ಚುನಾವಣೆಯೂ ಬಂದಿತು. 1907ರಲ್ಲಿ ನ್ಯಾಯವಿಧಾಯಕ ಸಭೆಯೂ ಏರ್ಪಟ್ಟಿತು. ನಮ್ಮ ಹಾಸನದ ಕಡೆಯ ತಾಲ್ಲೂಕುಗಳಿಂದಲೂ ಭೂಮಿಕಾಣಿ ಉಳ್ಳವರು ದಸರೆಗೆ ಹೋಗಿ ದಿವಾನರ ವರದಿಯನ್ನು ಕೇಳುತ್ತಿದ್ದರು. ಕೆರೆ ಒಡೆದುದು, ರಸ್ತೆ ಕೆಟ್ಟುದು, ಕಂದಾಯ ಹೆಚ್ಚಿದುದು ಮೊದಲಾದ ಅಹವಾಲುಗಳನ್ನು ಅರಿಕೆ ಮಾಡಿಕೊಳ್ಳುತ್ತಿದ್ದರು. ದಿವಾನರು ಕೇಳಿದರೆ ಸಂತೋಷ, ಕೇಳದಿದ್ದರೆ ಮುಂದಿನ ದಸರೆ. ಸಭೆಗೆ ಬಾಯಿ ಇದ್ದಿತು, ಕೈ ಇರಲಿಲ್ಲ.

ಕೈಯಿಲ್ಲದ ಸಭೆಯಲ್ಲಿ ಪಕ್ಷ ಹೇಗೆ ಹುಟ್ಟೀತು? ಹುಟ್ಟಿದ್ದು ಅರ್ಜಿಯ ಪಕ್ಷ. 1917ರಲ್ಲಿ ಪ್ರಜಾಮಿತ್ರ ಮಂಡಳಿ ಸ್ಥಾಪಿತವಾಯಿತು. ಸರ್ಕಾರಿ ಕೆಲಸಗಳಲ್ಲಿ ಬ್ರಾಹ್ಮಣೇತರರಿಗೆ ತಕ್ಕ ಪಾಲು ಬೇಕೆಂಬುದು ಅದರ ಮುಖ್ಯವಾದ ಕೋರಿಕೆ. ಮಹಾರಾಜರು 1918ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿದರು. ಆ ವಿವಾದದ ದಿನಗಳಲ್ಲಿಯೇ ದಿವಾನ್ ವಿಶ್ವೇಶ್ವರಯ್ಯನವರು ಅಧಿಕಾರ ಬಿಟ್ಟರು. ಮೈಸೂರಿನ ಮೊದಲ ಪಕ್ಷದ ಬೇಡಿಕೆ ಹೀಗೆ ಆಳುವವರನ್ನು ಬದಲಿಸಬೇಕೆಂಬುದಾಗಿರಲಿಲ್ಲ; ಆಳುವವರ ಕಚೇರಿಯಲ್ಲಿ ತಮಗೂ ಒಂದು ಕುರ್ಚಿ ಬೇಕೆಂಬುದಾಗಿತ್ತು. ಅದನ್ನು ಕೀಳು ಎನ್ನಲು ನನಗೆ ಮನಸ್ಸಿಲ್ಲ. ಎಲ್ಲ ದೇಶಗಳಲ್ಲಿಯೂ ರಾಜಕೀಯದ ಮೊದಲ ಅಕ್ಷರಾಭ್ಯಾಸ ಪಾಲು ಕೇಳುವುದರಿಂದಲೇ ಆಗಿದೆ.

ರೆಡ್ಡಿಯವರು 1930ರಲ್ಲಿ ಸಮಾನಮನಸ್ಕರೊಡನೆ ಸೇರಿ ಪ್ರಜಾಪಕ್ಷವನ್ನು ಕಟ್ಟಿದರು. ಆಗ ಅವರಿಗೆ ಇಪ್ಪತ್ತೆಂಟು ವರ್ಷ. ಈ ಪಕ್ಷ ಹಳೆಯ ಮಂಡಳಿಗಿಂತ ಒಂದು ಹೆಜ್ಜೆ ಮುಂದೆ ಇಟ್ಟಿತು. ರೈತರ ಕಷ್ಟವನ್ನು ಮಾತಿಗೆ ತಂದಿತು. ಅದರ ಜೊತೆಗೆ ಜವಾಬ್ದಾರಿ ಸರ್ಕಾರ ಬೇಕೆಂಬ ಮಾತನ್ನು ಹಳ್ಳಿಗಳವರೆಗೆ ಒಯ್ದಿತು. ಜವಾಬ್ದಾರಿ ಸರ್ಕಾರವೆಂದರೆ ಮಂತ್ರಿಗಳು ಮಹಾರಾಜರಿಗಲ್ಲದೆ ಪ್ರಜೆಗಳ ಸಭೆಗೆ ಉತ್ತರ ಹೇಳಬೇಕಾದ ಸರ್ಕಾರ. ನಾಲ್ವಡಿ ಕೃಷ್ಣರಾಜ ಒಡೆಯರನ್ನು ಜನ ದೇವರಂತೆ ಕಾಣುತ್ತಿದ್ದ ಕಾಲ ಅದು. ಒಡೆಯರ ಮೇಲಿನ ಭಕ್ತಿಗೆ ಕುಂದು ಬಾರದಂತೆ ದಿವಾನರ ಅಧಿಕಾರವನ್ನು ಪ್ರಶ್ನಿಸುವುದು ಸೂಕ್ಷ್ಮವಾದ ಕೆಲಸ. ಮಹಾರಾಜರ ಛತ್ರಚ್ಛಾಯೆಯಲ್ಲಿಯೇ ಜವಾಬ್ದಾರಿ ಸರ್ಕಾರ ಎಂಬ ಸೂತ್ರದಿಂದ ಆ ಸೂಕ್ಷ್ಮವನ್ನು ಅಂದಿನವರು ನಿಭಾಯಿಸಿದರು.

1934ರಲ್ಲಿ ಪ್ರಜಾಮಿತ್ರ ಮಂಡಳಿಯೂ ಪ್ರಜಾಪಕ್ಷವೂ ಕೂಡಿ ಪ್ರಜಾ ಸಂಯುಕ್ತ ಪಕ್ಷವಾಯಿತು. 1935ರಿಂದ 1937ರವರೆಗೆ ರೆಡ್ಡಿಯವರೇ ಅದರ ಅಧ್ಯಕ್ಷರು. 1937ರಲ್ಲಿ ಈ ಪಕ್ಷವೂ ಕಾಂಗ್ರೆಸ್ಸಿನಲ್ಲಿ ಲೀನವಾಯಿತು. ಹಳ್ಳಿಗಾಡಿನ ಒಕ್ಕಲು ಮುಖಂಡರೂ ಪಟ್ಟಣದ ವಕೀಲರೂ ಒಂದೇ ಚಾಪೆಯ ಮೇಲೆ ಕುಳಿತರು. ಏಳು ವರ್ಷಗಳಲ್ಲಿ ರೆಡ್ಡಿಯವರು ಎರಡು ಪಕ್ಷಗಳನ್ನು ಕಟ್ಟಿ, ಎರಡನ್ನೂ ಕರಗಿಸಿ, ಮೂರನೆಯದರ ಅಧ್ಯಕ್ಷರಾಗಿದ್ದರು. ತಾನು ಕಟ್ಟಿದುದನ್ನು ದೊಡ್ಡದರೊಳಗೆ ಕರಗಿಸುವ ಮನಸ್ಸು ಎಲ್ಲರಿಗೂ ಬರುವಂಥದಲ್ಲ. ಈ ಗುಣವನ್ನು ಓದುಗರು ನೆನಪಿನಲ್ಲಿಡಬೇಕು; ಮುಂದೆ ಇದೇ ಅವರ ಬಲವೂ ಆಯಿತು, ಒಂದು ಬಗೆಯಲ್ಲಿ ಮಿತಿಯೂ ಆಯಿತು.

1938ರ ಏಪ್ರಿಲ್ ತಿಂಗಳು ಮೈಸೂರಿನ ಇತಿಹಾಸದಲ್ಲಿ ಮರೆಯಬಾರದ ತಿಂಗಳು. ಮದ್ದೂರು ತಾಲ್ಲೂಕಿನ ಶಿವಪುರದಲ್ಲಿ ಟಿ. ಸಿದ್ದಲಿಂಗಯ್ಯನವರ ನೇತೃತ್ವದಲ್ಲಿ ಕಾಂಗ್ರೆಸ್ಸಿನವರು ನಿಷೇಧವನ್ನು ಮೀರಿ ಧ್ವಜವನ್ನು ಹಾರಿಸಿದರು. ಅದೇ ತಿಂಗಳ 25ರಂದು ಕೋಲಾರ ಜಿಲ್ಲೆಗೆ ಸೇರಿದ್ದ ವಿದುರಾಶ್ವತ್ಥದಲ್ಲಿ ಗುಂಡು ಹಾರಿತು. ಹಳ್ಳಿಯ ಜನ ಸತ್ತರು. ಗಾಂಧೀಜಿಯವರ ಕಡೆಯಿಂದ ಸರ್ದಾರ್ ಪಟೇಲರೂ ಆಚಾರ್ಯ ಕೃಪಲಾನಿಯವರೂ ಬೆಂಗಳೂರಿಗೆ ಬಂದರು. ದಿವಾನ್ ಮಿರ್ಜಾ ಇಸ್ಮಾಯಿಲ್ಲರೊಡನೆ ಮಾತುಕತೆಯಾಯಿತು. ಸರ್ಕಾರ ಮೈಸೂರು ಕಾಂಗ್ರೆಸ್ಸನ್ನು ಮನ್ನಿಸಲು ಒಪ್ಪಿತು. ಅರ್ಜಿದಾರರ ಗುಂಪಾಗಿದ್ದುದು ಅಂದು ಸರ್ಕಾರದ ಇದಿರಿಗೆ ಕುಳಿತು ಮಾತಾಡಬಲ್ಲ ಪಕ್ಷವಾಯಿತು. ಅಂದು ಸಂಧಾನಕ್ಕೆ ಬಂದ ಕೃಪಲಾನಿಯವರು ಮತ್ತೊಮ್ಮೆ ಈ ಕಥೆಯಲ್ಲಿ ಬರಲಿದ್ದಾರೆ.

ಚಳವಳಿಯ ವರ್ಷಗಳನ್ನು ಇಲ್ಲಿ ವಿಸ್ತರಿಸುವುದಿಲ್ಲ. ಹೇಮಾವತಿಯ ದಡದ ಗೊರೂರಿನವರಾದ ರಾಮಸ್ವಾಮಿ ಅಯ್ಯಂಗಾರ್ಯರಂಥ ಲೇಖಕರೂ ಆ ಹೋರಾಟದಲ್ಲಿ ಇದ್ದರು ಎಂಬುದನ್ನು ನೆನೆದರೆ ಹಾಸನದ ಹಳ್ಳಿಗಳಿಗೆ ಅದರ ಬಿಸಿ ಎಷ್ಟು ತಟ್ಟಿದ್ದಿತೆಂದು ತಿಳಿಯುತ್ತದೆ. 1946ರಲ್ಲಿ ರೆಡ್ಡಿಯವರು ಮತ್ತೆ ಮೈಸೂರು ಕಾಂಗ್ರೆಸ್ಸಿನ ಅಧ್ಯಕ್ಷರಾದರು. ಭಾರತದ ಸಂವಿಧಾನ ಸಭೆಯ ಸದಸ್ಯರೂ ಆದರು. 1947ರ ಆಗಸ್ಟ್ 15 ಬಂದಿತು, ದೇಶ ಸ್ವತಂತ್ರವಾಯಿತು. ಮೈಸೂರಿನಲ್ಲಿ ಮಾತ್ರ ದಿವಾನ್ ರಾಮಸ್ವಾಮಿ ಮೊದಲಿಯಾರರ ಆಡಳಿತವೇ ನಡೆದಿತ್ತು. ಸೆಪ್ಟೆಂಬರಿನಲ್ಲಿ ಮೈಸೂರು ಚಲೋ ಚಳವಳಿ ಹೊತ್ತಿಕೊಂಡಿತು. ಅಕ್ಟೋಬರಿನಲ್ಲಿ ಒಪ್ಪಂದವಾಯಿತು. ಅಕ್ಟೋಬರ್ 25ರಂದು ರೆಡ್ಡಿಯವರು ಮೈಸೂರಿನ ಮೊದಲ ಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದರು. ಎಚ್. ಸಿ. ದಾಸಪ್ಪ, ಕೆ. ಟಿ. ಭಾಷ್ಯಂ ಮೊದಲಾದವರು ಅವರ ಸಹೋದ್ಯೋಗಿಗಳು. ಕಾಂಗ್ರೆಸ್ಸಿಗೆ ಸೇರದ ಕೆಲವರಿಗೂ ಮಂತ್ರಿಮಂಡಲದಲ್ಲಿ ಸ್ಥಾನವಿತ್ತು. 1949ರವರೆಗೆ ದಿವಾನರ ಹುದ್ದೆಯೂ ಉಳಿದಿತ್ತು.

ಇಲ್ಲಿಂದ ನಿಜವಾದ ಪರೀಕ್ಷೆ ಆರಂಭವಾಯಿತು. ನಿನ್ನೆಯವರೆಗೆ ಅರ್ಜಿ ಬರೆಯುತ್ತಿದ್ದವರು ಇಂದು ಅರ್ಜಿ ತೆಗೆದುಕೊಳ್ಳುವವರಾಗಿದ್ದರು. ಜೈಲಿನಲ್ಲಿ ಒಂದೇ ತಟ್ಟೆಯಲ್ಲಿ ಉಂಡವರಲ್ಲಿ ಕೆಲವರು ಮಂತ್ರಿಗಳು, ಮಿಕ್ಕವರು ಮಂತ್ರಿಯ ಕೋಣೆಯ ಹೊರಗೆ ಬೆಂಚಿನ ಮೇಲೆ. ಕೆಲಸ ಮಾಡಲಿಲ್ಲವೆಂದು ಆ ಸರ್ಕಾರವನ್ನು ದೂರುವಂತಿಲ್ಲ. 1948ರಲ್ಲಿ ಜೋಗದ ವಿದ್ಯುದಾಗಾರ ಆರಂಭವಾಯಿತು. ಅದೇ ವರ್ಷ ಸರ್ಕಾರವೇ ಬಸ್ಸುಗಳನ್ನು ಓಡಿಸತೊಡಗಿತು. ಇಂದು ನನ್ನ ವಿದ್ಯಾರ್ಥಿಗಳು ಏರಿ ಬರುವ ಕೆಂಪು ಬಸ್ಸಿನ ವಂಶವೃಕ್ಷದ ಬೇರು ಅಲ್ಲಿದೆ. 1951ರ ಜುಲೈ 13ರಂದು ಬೆಂಗಳೂರಿನಲ್ಲಿ ನೆಹರೂ ಅವರು ವಿಧಾನಸೌಧಕ್ಕೆ ಅಸ್ತಿಭಾರವಿಟ್ಟರು. ಆಗಲೂ ರೆಡ್ಡಿಯವರೇ ಮುಖ್ಯಮಂತ್ರಿಗಳು. ಆದರೆ ಕೆಲಸದಿಂದ ಎಲ್ಲರಿಗೂ ತೃಪ್ತಿಯಾಗುವುದಾದರೆ ಪಕ್ಷಗಳು ಹುಟ್ಟುವ ಅಗತ್ಯವೇ ಇರುತ್ತಿರಲಿಲ್ಲ.

ವಿರೋಧ ಎರಡು ದಿಕ್ಕಿನಿಂದ ಬಂದಿತು. ಎರಡರ ಹುಟ್ಟೂ ಬೇರೆ ಬೇರೆ. ಆ ಭೇದವೇ ಈ ಬರಹದ ತಿರುಳು.

ಮೊದಲನೆಯದು ಹೊಲದಿಂದ ಬಂದಿತು. 1948ರಲ್ಲಿ ಸಮಾಜವಾದಿಗಳು ಕಾಂಗ್ರೆಸ್ಸನ್ನು ಬಿಟ್ಟು ಹೊರಬಂದಿದ್ದರು. ಶಿವಮೊಗ್ಗ ಜಿಲ್ಲೆಯ ಸಾಗರದ ಬಳಿ ಕಾಗೋಡು ಎಂಬ ಹಳ್ಳಿಯಲ್ಲಿ ಗೇಣಿ ಅಳೆಯುವ ಕೊಳಗದ ಅಳತೆಯನ್ನು ಕುರಿತು ಗೇಣಿದಾರರಿಗೂ ಜಮೀನುದಾರರಿಗೂ ವ್ಯಾಜ್ಯ ಹುಟ್ಟಿತು. 1951ರಲ್ಲಿ ಅದು ಸತ್ಯಾಗ್ರಹವಾಯಿತು. ಎಚ್. ಗಣಪತಿಯಪ್ಪನವರು ಅದರ ಮುಂದಾಳುಗಳಲ್ಲೊಬ್ಬರು. ರಾಮಮನೋಹರ ಲೋಹಿಯಾ ಅವರು ಬಂದು ಸೆರೆಯಾದರು. ಶಿವಪುರದಲ್ಲಿ ಸತ್ಯಾಗ್ರಹ ಮಾಡಿದವರ ಸರ್ಕಾರವೇ ಈಗ ಸತ್ಯಾಗ್ರಹಿಗಳನ್ನು ಹಿಡಿದು ಕೂಡಿಹಾಕಬೇಕಾಯಿತು. ರೆಡ್ಡಿಯವರ ಆಡಳಿತದ ಮೇಲೆ ಬಿದ್ದ ಕಲೆಗಳಲ್ಲಿ ಇದು ದೊಡ್ಡದು ಎಂದು ನಾನು ಎಣಿಸುತ್ತೇನೆ. ರೈತರ ಹೆಸರಿನಿಂದ ಪಕ್ಷ ಕಟ್ಟಿದವರಿಗೆ ಕೊಳಗದ ಭಾಷೆ ತಿಳಿಯದಿರಲಿಲ್ಲ. ಆದರೆ ಅಂದಿನ ಕಾಂಗ್ರೆಸ್ಸು ಗೇಣಿ ಕೊಡುವವನನ್ನೂ ಗೇಣಿ ಪಡೆಯುವವನನ್ನೂ ಒಂದೇ ಚಾಪೆಯ ಮೇಲೆ ಕೂರಿಸಿಕೊಂಡಿದ್ದಿತು. ಎಲ್ಲರ ಮನೆಯಾದ ಮನೆಯಲ್ಲಿ ಒಬ್ಬರ ನ್ಯಾಯವನ್ನು ಗಟ್ಟಿಯಾಗಿ ಹೇಳುವುದು ಕಷ್ಟ. ಹೇಳಲಾಗದ ಆ ಮಾತನ್ನು ಹೇಳಲು ಇನ್ನೊಂದು ಪಕ್ಷ ಬೇಕಾಯಿತು.

ಎರಡನೆಯದು ಮನೆಯೊಳಗಿನಿಂದಲೇ ಬಂದಿತು. ಕೆಂಗಲ್ ಹನುಮಂತಯ್ಯನವರು 1940ರಿಂದ ಪ್ರಜಾಪ್ರತಿನಿಧಿ ಸಭೆಯಲ್ಲಿ ಕಾಂಗ್ರೆಸ್ ಸದಸ್ಯರ ನಾಯಕರಾಗಿದ್ದವರು. ಮಾತಿನಲ್ಲಿ ಓಜಸ್ಸು, ನಡೆಯಲ್ಲಿ ನಿಷ್ಠುರತೆ ಇದ್ದವರು. ಅವರ ಮುಂದಾಳುತನದಲ್ಲಿ ಒಂದು ಗುಂಪು ರೆಡ್ಡಿಯವರ ಮಂತ್ರಿಮಂಡಲವನ್ನು ಪ್ರಶ್ನಿಸತೊಡಗಿತು. ಇಬ್ಬರೂ ಒಂದೇ ಸಂಸ್ಥೆಯವರು, ಇಬ್ಬರೂ ಗಾಂಧಿಯುಗದವರು. ಗೇಣಿಯ ಪ್ರಶ್ನೆಯಂತೆ ಹೊಲದಲ್ಲಿ ನಿಂತು ಅಳೆದು ನೋಡಬಹುದಾದ ಭೇದ ಅವರಲ್ಲಿ ಕಾಣುವುದಿಲ್ಲ. ಮನೆಯ ಯಜಮಾನಿಕೆ ಯಾರದು ಎಂಬುದೇ ಅಲ್ಲಿಯ ಪ್ರಶ್ನೆ. ದೇಶದ ಮಟ್ಟದಲ್ಲಿಯೂ ಅದೇ ವರ್ಷ ಕಾಂಗ್ರೆಸ್ಸಿನಲ್ಲಿ ಬಿರುಕು ಬಿಟ್ಟಿತು. ಸ್ವಾತಂತ್ರ್ಯ ಬಂದಾಗ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದ ಕೃಪಲಾನಿಯವರೇ 1951ರಲ್ಲಿ ಹೊರಬಂದು ಕಿಸಾನ್ ಮಜ್ದೂರ್ ಪ್ರಜಾ ಪಕ್ಷವನ್ನು ಸ್ಥಾಪಿಸಿದರು. ನೆಹರೂ ಅವರ ಮಂತ್ರಿಮಂಡಲದಿಂದ ಹೊರಬಂದಿದ್ದ ಶ್ಯಾಮಪ್ರಸಾದ ಮುಖರ್ಜಿಯವರು ಅದೇ ವರ್ಷ ಭಾರತೀಯ ಜನಸಂಘವನ್ನು ಸ್ಥಾಪಿಸಿದರು. 1938ರಲ್ಲಿ ಮೈಸೂರು ಕಾಂಗ್ರೆಸ್ಸಿಗೆ ಮನ್ನಣೆ ದೊರಕಿಸಿಕೊಡಲು ಬಂದಿದ್ದವರ ಪಕ್ಷವೇ ಈಗ ಮೈಸೂರು ಕಾಂಗ್ರೆಸ್ಸಿನ ಇದಿರಾಳಿಯಾಗಿ ನಿಂತಿತು.

ಮೊದಲ ಮಹಾಚುನಾವಣೆಯಲ್ಲಿ ದೇಶದ ಮೊದಲ ಮತ ಬಿದ್ದುದು 1951ರ ಅಕ್ಟೋಬರ್ 25ರಂದು. ರೆಡ್ಡಿಯವರು ಅಧಿಕಾರ ವಹಿಸಿ ಅಂದಿಗೆ ಸರಿಯಾಗಿ ನಾಲ್ಕು ವರ್ಷ. ಬಹುಮಂದಿಗೆ ಓದು ಬಾರದ ನಾಡಿನಲ್ಲಿ ಪಕ್ಷಗಳಿಗೆ ಚಿಹ್ನೆಗಳನ್ನು ಹಂಚಿದ್ದರು. ಒಬ್ಬೊಬ್ಬ ಉಮೇದುವಾರನಿಗೂ ಒಂದೊಂದು ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಚಿತ್ರ. ಕಾಂಗ್ರೆಸ್ಸಿಗೆ ಜೋಡೆತ್ತು, ಕೃಪಲಾನಿಯವರ ಪಕ್ಷಕ್ಕೆ ಗುಡಿಸಲು, ಸಮಾಜವಾದಿಗಳಿಗೆ ಮರ, ಜನಸಂಘಕ್ಕೆ ದೀಪ. ಚನ್ನರಾಯಪಟ್ಟಣದ ತೆಂಗಿನ ತೋಟದ ಒಕ್ಕಲಿಗೂ ಅರಕಲಗೂಡಿನ ಹೊಗೆಸೊಪ್ಪಿನ ಬೆಳೆಗಾರನಿಗೂ ಎತ್ತು, ಗುಡಿಸಲು, ಮರ, ದೀಪಗಳೆಲ್ಲವೂ ತಮ್ಮವೇ. ತಮ್ಮವೇ ಆದ ನಾಲ್ಕರಲ್ಲಿ ಒಂದನ್ನು ಆರಿಸಬೇಕೆಂಬುದು ಅವರ ಪಾಲಿಗೆ ಹೊಸ ಅನುಭವ. ಮೈಸೂರು ವಿಧಾನಸಭೆಯ 99 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ 74 ಬಂದುವು. ಗುಡಿಸಲಿಗೆ 8, ಸಮಾಜವಾದಿಗಳಿಗೆ 3, ಪರಿಶಿಷ್ಟ ಜಾತಿಗಳ ಒಕ್ಕೂಟಕ್ಕೆ 2, ಕಮ್ಯೂನಿಸ್ಟರಿಗೆ 1, ಪಕ್ಷೇತರರಿಗೆ 11. ಸಮಾಜವಾದಿಗಳ ಮೂವರಲ್ಲಿ ಒಬ್ಬರು ಕಾಗೋಡಿನ ಕಡೆಯಿಂದ ಬಂದ ಶಾಂತವೇರಿ ಗೋಪಾಲಗೌಡರು. ಸಂಖ್ಯೆಯಲ್ಲಿ ಅಲ್ಪವಾದ ಆ ಬೆಂಚು ಮುಂದೆ ಭೂಸುಧಾರಣೆಯ ಮಾತನ್ನು ಸಭೆ ಮರೆಯದಂತೆ ನೋಡಿಕೊಂಡಿತು.

ಕಾಂಗ್ರೆಸ್ಸು ಗೆದ್ದಿತು, ಅದರ ಮೊದಲ ಮುಖ್ಯಮಂತ್ರಿ ಉಳಿಯಲಿಲ್ಲ. 1952ರ ಮಾರ್ಚ್ 30ರಂದು ಹನುಮಂತಯ್ಯನವರು ಮುಖ್ಯಮಂತ್ರಿಗಳಾದರು. ಇಂಥ ಸಮಯದಲ್ಲಿ ಒಬ್ಬ ನಾಯಕನ ಇದಿರಿಗೆ ಮೂರು ದಾರಿಗಳಿರುತ್ತವೆ. ಹೊರಗೆ ಹೋಗಿ ಹೊಸ ಪಕ್ಷ ಕಟ್ಟಬಹುದು. ಒಳಗೇ ಕುಳಿತು ಬಂದವರ ಕಾಲೆಳೆಯಬಹುದು. ಇಲ್ಲವೆ ಸುಮ್ಮನೆ ದಾರಿ ಬಿಡಬಹುದು. ಪಕ್ಷ ಕಟ್ಟುವ ವಿದ್ಯೆ ರೆಡ್ಡಿಯವರಿಗೆ ಹೊಸದಲ್ಲ. ಬೇಕೆಂದಿದ್ದರೆ ನಾಲ್ಕನೆಯದನ್ನೂ ಕಟ್ಟಬಹುದಾಗಿತ್ತು. ಅವರು ದಾರಿ ಬಿಟ್ಟರು. ರಾಜ್ಯಸಭೆಯ ಸದಸ್ಯರಾಗಿ ದೆಹಲಿಗೆ ಹೋದರು. ಕೇಂದ್ರದಲ್ಲಿ ಉತ್ಪಾದನಾ ಮಂತ್ರಿಗಳಾದರು. 1957ರಲ್ಲಿ ಲೋಕಸಭೆಗೆ ಆಯ್ಕೆಯಾಗಿ, ಕಾಮಗಾರಿ, ವಸತಿ ಮತ್ತು ಸರಬರಾಜು ಖಾತೆಯನ್ನೂ ಆಮೇಲೆ ವಾಣಿಜ್ಯ ಮತ್ತು ಕೈಗಾರಿಕೆಯ ಖಾತೆಯನ್ನೂ ನೋಡಿಕೊಂಡು, 1963ರವರೆಗೆ ಮಂತ್ರಿಮಂಡಲದಲ್ಲಿದ್ದರು. ತಾವು ಆರಂಭಿಸಿದ ವಿಧಾನಸೌಧವನ್ನು ಇನ್ನೊಬ್ಬರು ಮುಗಿಸಿ ಕೀರ್ತಿ ಪಡೆದುದನ್ನು ದೂರದಿಂದ ನೋಡಿದರು.

ಇದನ್ನು ಮಹಾತ್ಯಾಗವೆಂದು ಹೊಗಳಿ ಮುಗಿಸಿಬಿಡುವುದು ಸುಲಭ. ಆದರೆ ಇತಿಹಾಸಕ್ಕೆ ಇನ್ನೊಂದು ಮುಖವೂ ಉಂಟು. ರೆಡ್ಡಿಯವರು ಮನೆ ಒಡೆಯಲಿಲ್ಲವಾದುದರಿಂದ ಮನೆ ಉಳಿಯಿತು. ಮನೆಯೊಳಗಿನ ಜಗಳವೂ ಉಳಿಯಿತು. 1956ರ ಆಗಸ್ಟಿನಲ್ಲಿ ಹನುಮಂತಯ್ಯನವರನ್ನು ಇಳಿಸಿದವರೂ ಅವರ ಪಕ್ಷದ ಸದಸ್ಯರೇ. ಯಾರು ಆಳಬೇಕೆಂಬುದು ಮತಪೆಟ್ಟಿಗೆಯ ಮುಂದೆ ತೀರ್ಮಾನವಾಗುವ ಬದಲು ಶಾಸಕರ ಸಭೆಯ ಮುಚ್ಚಿದ ಬಾಗಿಲ ಹಿಂದೆ ತೀರ್ಮಾನವಾಗುವ ರೂಢಿ ಬಿದ್ದಿತು. ಕೊಳಗದ ಅಳತೆಯ ಜಗಳವನ್ನು ಊರೆಲ್ಲ ನೋಡಬಹುದು. ಯಜಮಾನಿಕೆಯ ಜಗಳವನ್ನು ಮನೆಯವರು ಮಾತ್ರ ಬಲ್ಲರು. ಕಾಂಗ್ರೆಸ್ಸಿನ ಹೆಸರಿಲ್ಲದ ಸರ್ಕಾರವೊಂದು ಈ ರಾಜ್ಯದಲ್ಲಿ ಮೊದಲು ಬಂದುದು 1983ರಲ್ಲಿ. ರೆಡ್ಡಿಯವರ ಪ್ರಮಾಣವಚನದಿಂದ ಅಲ್ಲಿಗೆ ಮೂವತ್ತೈದು ವರ್ಷ ದಾಟಿದ್ದುವು.

ನಮ್ಮ ಜಿಲ್ಲೆಯ ಉದಾಹರಣೆಯನ್ನೇ ನೋಡಿ. 1962ರಲ್ಲಿ ಹೊಳೆನರಸೀಪುರದಲ್ಲಿ ಎಚ್. ಡಿ. ದೇವೇಗೌಡರು ಗೆದ್ದುದು ಪಕ್ಷೇತರರಾಗಿ. ಅದಕ್ಕೆ ಮುಂಚೆ ಅವರು ಇದ್ದುದು ಕಾಂಗ್ರೆಸ್ಸಿನಲ್ಲಿ. 1967ರಲ್ಲಿ ಹಾಸನ ಲೋಕಸಭಾ ಕ್ಷೇತ್ರ ಸ್ವತಂತ್ರ ಪಕ್ಷದ ಎನ್. ಶಿವಪ್ಪನವರನ್ನು ಆರಿಸಿತು, ಆ ಪಕ್ಷವನ್ನು 1959ರಲ್ಲಿ ಸ್ಥಾಪಿಸಿದ ರಾಜಾಜಿಯವರೂ ಹಳೆಯ ಕಾಂಗ್ರೆಸ್ಸಿಗರೇ. 1969ರಲ್ಲಿ ಕಾಂಗ್ರೆಸ್ಸೇ ಎರಡಾಯಿತು. ಒಡಕು ಬಯಲಾದ ಅಧಿವೇಶನ ಸೇರಿದ್ದುದು ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ. ಹೊಸ ಪಕ್ಷಗಳ ಗೋತ್ರವನ್ನು ವಿಚಾರಿಸುತ್ತ ಹೋದರೆ ಅನೇಕವು ಒಂದೇ ಮೂಲಪುರುಷನನ್ನು ತೋರಿಸುತ್ತವೆ. ಹಾಸನದ ಸಂತೆಯಲ್ಲಿ ಇಂದು ಇದಿರು ಬದಿರು ನಿಂತು ವಾದಿಸುವವರ ಅಜ್ಜಂದಿರು ಒಂದೇ ಜೋಡೆತ್ತಿನ ಪೆಟ್ಟಿಗೆಗೆ ಮತ ಹಾಕಿದವರಾಗಿರಬಹುದು.

ರೆಡ್ಡಿಯವರ ಬಾಳಿನ ಕೊನೆಯ ಅಂಕ ವಿಚಿತ್ರವಾದುದು. 1965ರಲ್ಲಿ ಅವರು ಮಧ್ಯಪ್ರದೇಶದ ರಾಜ್ಯಪಾಲರಾದರು. ರಾಜ್ಯಪಾಲನಾದವನು ಪಕ್ಷವನ್ನು ಹೊಸ್ತಿಲಾಚೆ ಬಿಟ್ಟು ಬರಬೇಕು. ಅಲ್ಲಿಯ ಮುಖ್ಯಮಂತ್ರಿ ದ್ವಾರಕಾಪ್ರಸಾದ ಮಿಶ್ರರು, ಕಾಂಗ್ರೆಸ್ಸಿನ ಬಲಿಷ್ಠ ನಾಯಕರು. 1967ರ ಜುಲೈಯಲ್ಲಿ ಗೋವಿಂದ ನಾರಾಯಣ ಸಿಂಗರ ಹಿಂದೆ ಕಾಂಗ್ರೆಸ್ಸಿನ ಶಾಸಕರ ಒಂದು ಗುಂಪು ಪಕ್ಷವನ್ನು ಬಿಟ್ಟು ಎದುರು ಸಾಲಿಗೆ ಹೋಯಿತು. ಮಿಶ್ರರ ಸರ್ಕಾರ ಉರುಳಿತು. ಬಂದ ಹೊಸ ಕೂಟದ ಹೆಸರು ಸಂಯುಕ್ತ ವಿಧಾಯಕ ದಳ. ಮೂವತ್ತಮೂರು ವರ್ಷಗಳ ಹಿಂದೆ ರೆಡ್ಡಿಯವರು ಕೂಡಿಸಿದ ಪಕ್ಷದ ಹೆಸರಿನಲ್ಲಿಯೂ ಸಂಯುಕ್ತ ಎಂಬ ಮಾತಿತ್ತು. ಅಂದು ಅದರ ಅರ್ಥ ಎರಡು ಮನೆಗಳು ಒಂದಾದುದು. ಇಂದು ಅದರ ಅರ್ಥ ಒಂದು ಮನೆಯ ಗೋಡೆ ಒಡೆದು ಹೊರಬಂದವರು ಹೊರಗಿನವರೊಡನೆ ಸೇರಿದುದು. ಒಂದೇ ಸಂಸ್ಕೃತ ಶಬ್ದ ಒಬ್ಬನ ಆಯುಷ್ಯದಲ್ಲಿಯೇ ಹೀಗೆ ತಿರುಗಿ ನಿಂತಿತು. ಹೊಸ ಮಂತ್ರಿಮಂಡಲ ರಾಜ್ಯಪಾಲರ ಮುಂದೆ ಪ್ರಮಾಣವಚನ ಸ್ವೀಕರಿಸಿತು. ಗುಂಪು ಗುಂಪಾಗಿ ಪಕ್ಷ ಬಿಡುವ ಆ ರೋಗ ದೇಶಕ್ಕೆಲ್ಲ ಹರಡಿತು. ಅದಕ್ಕೆ ಮದ್ದೆಂದೇ 1985ರಲ್ಲಿ ಪಕ್ಷದ ಹೆಸರು ಸಂವಿಧಾನದೊಳಗೆ ಬಂದುದು. ಅದನ್ನು ನೋಡಲು ರೆಡ್ಡಿಯವರು ಇರಲಿಲ್ಲ. 1971ರಲ್ಲಿ ರಾಜ್ಯಪಾಲರ ಹುದ್ದೆಯಿಂದ ಇಳಿದ ಅವರು 1976ರ ಫೆಬ್ರವರಿ 27ರಂದು ತೀರಿಕೊಂಡರು.

ಕನ್ನಡದ ಮೇಷ್ಟರಾದುದರಿಂದ ಶಬ್ದಗಳ ಮೇಲೆ ನನ್ನ ಮನಸ್ಸು ತಡೆಯುತ್ತದೆ. ಪಕ್ಷವೆಂದರೆ ರೆಕ್ಕೆ, ಹಕ್ಕಿಗೆ ಎರಡು ಬೇಕು. ಪಕ್ಷವೆಂದರೆ ತಿಂಗಳ ಅರ್ಧ. ಶುಕ್ಲ, ಕೃಷ್ಣ ಎರಡೂ ಕಳೆದರೆ ಒಂದು ತಿಂಗಳು. ನಮ್ಮ ಹಿರಿಯರ ವಾದಪದ್ಧತಿಯಲ್ಲಿ ಪೂರ್ವಪಕ್ಷವೆಂಬುದೊಂದಿದೆ. ತನ್ನ ಸಿದ್ಧಾಂತವನ್ನು ಸ್ಥಾಪಿಸುವ ಮುನ್ನ ಇದಿರಾಳಿಯ ವಾದವನ್ನು ಕೊರತೆಯಿಲ್ಲದಂತೆ ತಾನೇ ಎತ್ತಿ ಹೇಳಬೇಕು. ಹೇಳಲು ಬಾರದವನ ಸಿದ್ಧಾಂತಕ್ಕೆ ಬೆಲೆಯಿಲ್ಲ. ಕಾಗೋಡಿನ ಗೇಣಿದಾರರು 1951ರಲ್ಲಿ ಎತ್ತಿದುದು ಇಂಥ ಪೂರ್ವಪಕ್ಷವನ್ನು. ಮೊದಲ ಸರ್ಕಾರಕ್ಕೆ ಅದು ಕೇಳಿಸಲಿಲ್ಲ. ಮಂತ್ರಿಪದವಿಗಾಗಿ ಎದ್ದ ಗುಂಪುಗಳ ಕೂಗು ಮಾತ್ರ ಚೆನ್ನಾಗಿ ಕೇಳಿಸಿತು. ಈ ಎರಡನ್ನೂ ಪಕ್ಷವೆಂಬ ಒಂದೇ ಹೆಸರಿನಿಂದ ಕರೆಯುತ್ತೇವೆ. ಯಾವುದು ಕೊಳಗದಿಂದ ಹುಟ್ಟಿದ್ದು, ಯಾವುದು ಕುರ್ಚಿಯಿಂದ ಹುಟ್ಟಿದ್ದು ಎಂದು ವಿಂಗಡಿಸುವ ಕೆಲಸ ಮತದಾರರದು.

ಚೆಂಗಲರಾಯ ರೆಡ್ಡಿಯವರು ಮೊದಲನೆಯದನ್ನು ತರುಣರಾಗಿದ್ದಾಗ ಕಟ್ಟಿದರು, ಅಧಿಕಾರದಲ್ಲಿದ್ದಾಗ ಗುರುತಿಸದೆ ಹೋದರು. ಎರಡನೆಯದನ್ನು ಕಟ್ಟುವ ಅವಕಾಶ ಬಂದಾಗ ಕಟ್ಟಲೊಲ್ಲದೆ ಹೊರಟರು. ಅವರ ಬಾಳಿನಲ್ಲಿ ಗೌರವಿಸಬೇಕಾದುದೂ ಕಲಿಯಬೇಕಾದುದೂ ಒಟ್ಟಿಗೆ ಇವೆ. ಅಧಿಕಾರ ಬಿಟ್ಟು ಬರಿಗೈಯಲ್ಲಿ ಬಾಗಿಲು ದಾಟಬಲ್ಲವರು ಮೊದಲ ಪೀಠದಲ್ಲಿದ್ದುದು ನಮ್ಮ ರಾಜ್ಯದ ಭಾಗ್ಯ. ಆ ಬಾಗಿಲಲ್ಲಿ ಒಳಗೆ ಬರಲು ಕಾದಿದ್ದ ರೈತನ ಕೊಳಗವನ್ನು ಅವರು ಕಾಣಲಿಲ್ಲವೆಂಬುದು ಅದರ ಜೊತೆಗೇ ಬರೆದಿಡಬೇಕಾದ ಲೆಕ್ಕ.